‘ಕೂಗಾಡುವ’ ಕೆಲಸಕ್ಕೆ ಮಗಳನ್ನು ಕಳಿಸಬೇಕೇ?

*ಮಗಳು ಕಾನೂನು ಓದಿ ಮುಗಿಸಿದ್ದಾಳೆ. ಎರಡು ಕೆಲಸ ಕೈಯಲ್ಲಿವೆ. ಒಂದು, ದೊಡ್ಡ ಟೆಕ್ ಕಂಪನಿಯಲ್ಲಿ ಸರ್ಕಾರದ ಜೊತೆ ವ್ಯವಹರಿಸುವ ವಿಭಾಗದ್ದು. ಇನ್ನೊಂದು, ಇಂಟರ್ನೆಟ್‌ನಲ್ಲಿ ಮಕ್ಕಳ ಸುರಕ್ಷತೆಗಾಗಿ ದುಡಿಯುವ ಸಣ್ಣ ಸಂಸ್ಥೆಯದ್ದು. ಅಲ್ಲಿ ಸಂಬಳ ಅರ್ಧಕ್ಕೂ ಕಡಿಮೆ. ಅವಳ ಮನಸ್ಸು ಅದರ ಕಡೆಗೇ ಇದೆ. ಹೊರಗೆ ನಿಂತು ಕೂಗಾಡಿದರೆ ಏನು ಬಂತು, ಒಳಗಿದ್ದೇ ಬದಲಿಸಬೇಕು ಅನ್ನೋದು ನನ್ನ ವಾದ. ನೀವೇನು ಹೇಳುತ್ತೀರಿ?*
— ಒಬ್ಬ ತಂದೆ

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡೂ ಸಲ ‘ಕೂಗಾಡಿದರೆ’ ಅನ್ನುವ ಮಾತಿನ ಹತ್ತಿರ ತಡೆದು ನಿಂತೆ.

ನಿಮ್ಮ ಮಾತಲ್ಲಿ ಸತ್ಯ ಇಲ್ಲ ಅನ್ನಲಾರೆ. ಆಸ್ಟ್ರೇಲಿಯಾದಲ್ಲಿ 2017ರಲ್ಲಿ ಇ-ಸೇಫ್ಟಿ ಕಮಿಷನರ್, ಅಂದರೆ ಇಂಟರ್ನೆಟ್ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಅಧಿಕಾರಿ ಆದ ಜೂಲಿ ಇನ್ಮನ್ ಗ್ರಾಂಟ್ ಅದಕ್ಕೂ ಮೊದಲು ಮೈಕ್ರೋಸಾಫ್ಟ್, ಟ್ವಿಟರ್, ಅಡೋಬಿಗಳಲ್ಲಿ ವರ್ಷಗಟ್ಟಲೆ ದುಡಿದವರು. ಕಂಪನಿಗಳು ಎಲ್ಲಿ ಜಾರಿಕೊಳ್ಳುತ್ತವೆ ಅಂತ ಒಳಗಿದ್ದವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಆದರೆ ಅವೇ ಕಂಪನಿಗಳನ್ನು ಕೂರಿಸಿ ಉತ್ತರ ಕೇಳುವ ಶಕ್ತಿ ಅವರಿಗೆ ಬಂದದ್ದು ಹೊರಗೆ ಬಂದು, ಕಾನೂನು ಕೈಗೆ ಸಿಕ್ಕ ಮೇಲೆ. ಫ್ರಾನ್ಸಿಸ್ ಹೌಗನ್ ಕೂಡ ಫೇಸ್‌ಬುಕ್‌ನ ಒಳಗೇ ಇದ್ದವರು. ಅದೇ ಕಂಪನಿಯ ಇನ್‌ಸ್ಟಾಗ್ರಾಂ ಹದಿಹರೆಯದ ಹುಡುಗಿಯರಿಗೆ ಏನು ಮಾಡುತ್ತಿದೆ ಅಂತ ಕಂಪನಿಯೇ ಅಧ್ಯಯನ ಮಾಡಿಟ್ಟುಕೊಂಡಿತ್ತು. ಅದು ನಮಗೆಲ್ಲ ಗೊತ್ತಾಗಲು ಅವರು 2021ರಲ್ಲಿ ಆ ಕಾಗದಗಳನ್ನು ಹೊರಗೆ ತರಬೇಕಾಯಿತು.

ಇನ್ನು ಹೊರಗಿನವರ ಮಾತು. ಬೀಬನ್ ಕಿಡ್ರನ್ ಸಿನಿಮಾ ನಿರ್ದೇಶಕಿ. ಹದಿಹರೆಯದವರು ಇಂಟರ್ನೆಟ್ ಜೊತೆ ಹೇಗೆ ಬದುಕುತ್ತಿದ್ದಾರೆ ಅಂತ ಒಂದು ಸಾಕ್ಷ್ಯಚಿತ್ರ ಮಾಡಿದರು. ಅಲ್ಲಿಗೇ ಬಿಡಲಿಲ್ಲ. ಬ್ರಿಟನ್ ಸಂಸತ್ತಿನ ಮೇಲ್ಮನೆಯಾದ ಲಾರ್ಡ್ಸ್ ಸಭೆಯ ಸದಸ್ಯೆಯಾಗಿ, 2018ರ ಡೇಟಾ ರಕ್ಷಣೆ ಕಾಯ್ದೆಯಲ್ಲಿ ಮಕ್ಕಳಿಗೆಂದೇ ಒಂದು ಸಂಹಿತೆ, ಅಂದರೆ ಕಂಪನಿಗಳು ಪಾಲಿಸಬೇಕಾದ ನಿಯಮಗಳ ಪಟ್ಟಿ ಇರಬೇಕು ಅನ್ನುವ ತಿದ್ದುಪಡಿ ಸೇರಿಸಲು ಹಟ ಹಿಡಿದರು, ಸೇರಿಸಿದರು. ಕಂಪನಿಗಳು ಅದನ್ನು ಪಾಲಿಸಲು ಕೊಟ್ಟಿದ್ದ ಗಡುವು ಮುಗಿದದ್ದು 2021ರ ಸೆಪ್ಟೆಂಬರಿನಲ್ಲಿ. ಅದಕ್ಕೆ ಸ್ವಲ್ಪ ಮುಂಚೆ ಏನಾಯಿತು ನೋಡಿ. ಯೂಟ್ಯೂಬ್ 18ರೊಳಗಿನವರಿಗೆ ಆಟೋಪ್ಲೇ (ಒಂದು ವಿಡಿಯೋ ಮುಗಿದ ಕೂಡಲೇ ಇನ್ನೊಂದು ಶುರುವಾಗುವುದು) ತಾನಾಗಿಯೇ ಆಫ್ ಇರುವಂತೆ ಮಾಡಿತು. ಟಿಕ್‌ಟಾಕ್ 13ರಿಂದ 15ರ ಮಕ್ಕಳಿಗೆ ರಾತ್ರಿ 9ರ ನಂತರ ನೋಟಿಫಿಕೇಶನ್ ನಿಲ್ಲಿಸಿತು. ಇದೆಲ್ಲ ಮೊದಲೇ ಮಾಡಬಹುದಿತ್ತು, ಅಲ್ವಾ? ಒಳಗೆ ಒಳ್ಳೆಯವರು ಆಗಲೂ ಇದ್ದರು.

ಖಾತೆ ತೆರೆಯುವಾಗ 13 ತುಂಬಿದೆಯೇ ಅಂತ ಕೇಳುತ್ತಾರಲ್ಲ, ಆ 13 ಎಲ್ಲಿಂದ ಬಂತು ಅಂತ ಯೋಚಿಸಿದ್ದೀರಾ? ಮಕ್ಕಳ ಮಾಹಿತಿಯನ್ನು ಕಂಪನಿಗಳು ಸಂಗ್ರಹಿಸುವ ಬಗ್ಗೆ ಅಮೆರಿಕ 1998ರಲ್ಲಿ ಮಾಡಿದ ಕಾನೂನಿನಿಂದ. ಅದರ ಹಿಂದಿದ್ದ ಸಂಸದ ಎಡ್ ಮಾರ್ಕಿ 16 ಇರಲಿ ಅಂದಿದ್ದರು. ಚೌಕಾಸಿಯಲ್ಲಿ ಅದು 13ಕ್ಕೆ ಇಳಿಯಿತು. ಹದಿಮೂರನೇ ಹುಟ್ಟುಹಬ್ಬದ ದಿನ ಮಗು ಇದ್ದಕ್ಕಿದ್ದಂತೆ ಜಾಣ ಆಗುವುದಿಲ್ಲ. ಆದರೂ ಜಗತ್ತಿನ ಮಕ್ಕಳೆಲ್ಲ ಆ ಚೌಕಾಸಿಯ ಸಂಖ್ಯೆಯನ್ನೇ ದಾಟಿ, ಇಲ್ಲವೇ ಸುಳ್ಳು ಹೇಳಿ ಒಳಗೆ ಹೋದರು. ಸೋಶಿಯಲ್ ಮೀಡಿಯಾ ಖಾತೆಗೆ 16 ತುಂಬಿರಬೇಕು ಅನ್ನುವ ಗೆರೆ ಆಸ್ಟ್ರೇಲಿಯಾದಲ್ಲಿ ಜಾರಿಗೆ ಬಂದದ್ದು 2025ರ ಡಿಸೆಂಬರಿನಲ್ಲಿ. ನಡುವೆ ಒಂದಿಡೀ ತಲೆಮಾರು ಬೆಳೆದು ದೊಡ್ಡದಾಯಿತು. ಸಂಖ್ಯೆಯ ಚೌಕಾಸಿ ನಡೆಯುವಾಗ ಆ ಕೋಣೆಯಲ್ಲಿ ಮಕ್ಕಳ ಕಡೆಯವರು ಎಷ್ಟು ಜನ ಕೂತಿದ್ದಾರೆ ಅನ್ನೋದು ನನಗೆ ಬಹಳ ದೊಡ್ಡ ಪ್ರಶ್ನೆ.

ಅಂಥದೊಂದು ಕೋಣೆಯಲ್ಲಿ ನಾನೂ ಕೂತಿದ್ದೇನೆ. ಕರಡು ನಿಯಮದ ಮೇಲಿನ ಸಭೆ. ಕಂಪನಿಗಳ ಕಡೆಯಿಂದ ಹನ್ನೊಂದು ಜನ ಬಂದಿದ್ದರು, ಎಲ್ಲರ ಕರಡಿನಲ್ಲೂ ಬಣ್ಣದ ಚೀಟಿ. ಮಕ್ಕಳ ಕಡೆಯಿಂದ ಒಬ್ಬರೇ ಹೆಣ್ಣುಮಗಳು. ತಮ್ಮ ಸರದಿ ಬಂದಾಗ ಅವರು ಒಂದೇ ಸಾಲು ಓದಿದರು: ‘ಸಮಂಜಸ ಪ್ರಯತ್ನ ಮಾಡತಕ್ಕದ್ದು’. ಆಮೇಲೆ ಕೇಳಿದರು, “ಸಮಂಜಸ ಅಂದ್ರೆ ಎಷ್ಟು? ಅಳೆಯೋರು ಯಾರು?” ಯಾರೂ ಮಾತಾಡಲಿಲ್ಲ. ಸಭೆ ನಡೆಸುತ್ತಿದ್ದ ಅಧಿಕಾರಿ ಪೆನ್ಸಿಲ್ ತೆಗೆದು ಆ ಸಾಲಿನ ಕೆಳಗೆ ಗೆರೆ ಎಳೆದರು. ಆಕೆ ದನಿ ಎತ್ತಿರಲೇ ಇಲ್ಲ, ಸ್ವಾಮಿ. ಇದನ್ನು ಕೂಗಾಟ ಅನ್ನಬೇಡಿ.

ನನ್ನ ಕೋಪ ನಿಮ್ಮೊಬ್ಬರ ಮೇಲಲ್ಲ. ಕರಡು ನಿಯಮ ಹೊರಬಿದ್ದಾಗ ಓದುವವರಿಲ್ಲ. ಅಭಿಪ್ರಾಯ ಕಳಿಸಲು ಕೊಟ್ಟ ದಿನಗಳು ಸುಮ್ನೆ ಕಳೆದುಹೋಗುತ್ತವೆ. ಯಾವುದೋ ಮಗುವಿಗೆ ಕೆಟ್ಟದ್ದಾದಾಗ ಮಾತ್ರ ನಾವು ಪತ್ರಿಕೆಯವರು ಪುಟಗಟ್ಟಲೆ ಬರೆಯುತ್ತೇವೆ. ಅಪ್ಪ ಅಮ್ಮಂದಿರು ವಾಟ್ಸಾಪಿನಲ್ಲಿ ಎಚ್ಚರಿಕೆ ಫಾರ್ವರ್ಡ್ ಮಾಡಿ, ಮಗನ ಕೈಯಿಂದ ಮೊಬೈಲ್ ಕಿತ್ತುಕೊಳ್ಳುತ್ತಾರೆ. ಕಂಪನಿಗಳು ಮಾತ್ರ ಒಂದು ಸಭೆಯನ್ನೂ ತಪ್ಪಿಸುವುದಿಲ್ಲ. ಅದಕ್ಕೇ ಸಂಬಳ ಕೊಟ್ಟು ಜನ ಇಟ್ಟಿರುತ್ತಾರೆ. ನಿಮ್ಮ ಮಗಳಿಗೆ ಬಂದಿರುವ ಮೊದಲನೇ ಕೆಲಸ ಅದೇ.

ಸಂಬಳದ ಚಿಂತೆ ಸಣ್ಣದಲ್ಲ, ಸಾಲ ಇದ್ದರೆ ಲೆಕ್ಕ ಹಾಕಿಯೇ ಹೆಜ್ಜೆ ಇಡಲಿ. ಆದರೆ ಇಷ್ಟು ಚಿಕ್ಕ ವಯಸ್ಸಿನಲ್ಲಿ ಆ ಕಡೆ ಮನಸ್ಸು ಹರಿಸಿದ ಮಗಳನ್ನು ಬೆಳೆಸಿದವರು ನೀವೇ ಅಲ್ಲವೇ? ಅಂದು ಆ ಸಾಲು ಓದಿದ ಹೆಣ್ಣುಮಗಳು ಈಗಲೂ ಅದೇ ಕೆಲಸದಲ್ಲಿದ್ದಾರೆ. ಮಗಳು ನನಗೊಂದು ಪತ್ರ ಹಾಕಲಿ, ಅವರ ಜೊತೆ ಮಾತಾಡಿಸುತ್ತೇನೆ.

— ಸಂಪಾದಕ