ಆಪರೇಷನ್ ವೇಳೆ ಕೊಡುವ ಅರಿವಳಿಕೆ ಮದ್ದು ಕಿಡ್ನಿಯನ್ನು ಕಾಪಾಡುತ್ತದೆಯೇ?

ಸ್ವಲ್ಪ ಮಟ್ಟಿಗೆ ಕಾಪಾಡಬಹುದು. ಮೊದಲು ಕಿಡ್ನಿಗೆ ಪೆಟ್ಟು ಬೀಳುವುದು ಹೇಗೆ ಅಂತ ನೋಡೋಣ. ಹೃದಯ ಪಂಪ್ ಮಾಡುವ ರಕ್ತದಲ್ಲಿ ಶೇ. 20ರಿಂದ 25ರಷ್ಟು ಕಿಡ್ನಿಗಳಿಗೇ ಹೋಗುತ್ತದೆ. ದೊಡ್ಡ ಆಪರೇಷನ್‌ನಲ್ಲಿ ಬಿಪಿ ಇಳಿದರೆ, ಇಲ್ಲವೇ ದೊಡ್ಡ ರಕ್ತನಾಳಕ್ಕೆ ಕ್ಲಾಂಪ್ (ಅದುಮಿ ಹಿಡಿಯುವ ಚಿಮುಟ) ಹಾಕಿದರೆ, ಈ ಹರಿವು ಕಮ್ಮಿಯಾಗುತ್ತದೆ. ವಿಚಿತ್ರ ಅಂದ್ರೆ, ರಕ್ತ ವಾಪಸ್ ಬಂದಾಗಲೂ ಹಾನಿ ನಿಲ್ಲುವುದಿಲ್ಲ. ಆಮ್ಲಜನಕ ಒಮ್ಮೆಲೇ ನುಗ್ಗಿ, ಜೀವಕೋಶಗಳನ್ನು ಹಾಳುಮಾಡುವ ಅಣುಗಳಾದ ಫ್ರೀ ರ‍್ಯಾಡಿಕಲ್‌ಗಳು ಹುಟ್ಟುತ್ತವೆ, ಉರಿಯೂತ ಶುರುವಾಗುತ್ತದೆ.

ಮದ್ದು ಕೆಲಸಕ್ಕೆ ಬರುವುದು ಇಲ್ಲೇ. ಹಾಲಿನಂತೆ ಬೆಳ್ಳಗಿರುವ ಪ್ರೊಪೊಫಾಲ್ ಇಂಜೆಕ್ಷನ್ ಇದೆಯಲ್ಲ, ಅದರ ಅಣುವಿನ ಒಂದು ಭಾಗ ವಿಟಮಿನ್ ಇ ತರಹವೇ ಇದೆ. ಹಾಗಾಗಿ ಅದು ಫ್ರೀ ರ‍್ಯಾಡಿಕಲ್‌ಗಳನ್ನು ತಣ್ಣಗಾಗಿಸುತ್ತದೆ. ಉಸಿರಿನ ಮೂಲಕ ಕೊಡುವ ಸೆವೊಫ್ಲುರೇನ್, ಐಸೊಫ್ಲುರೇನ್ ಪ್ರಾಣಿಗಳ ಕಿಡ್ನಿಯಲ್ಲಿ ಉರಿಯೂತ ತಗ್ಗಿಸಿವೆ. ಡೆಕ್ಸ್‌ಮೆಡೆಟೊಮಿಡಿನ್ ಎಂಬ ಮಂಪರು ಬರಿಸುವ ಮದ್ದು ರಕ್ತನಾಳ ಬಿಗಿಸುವ ನರಗಳ ಆರ್ಭಟ ಇಳಿಸುತ್ತದೆ, ಹಾಗಾಗಿ ಕಿಡ್ನಿಗೆ ರಕ್ತ ಹರಿಯುವುದು ಸುಲಭವಾಗಬಹುದು.

ಆದರೆ ಇಲಿಯಲ್ಲಿ ಕಂಡದ್ದೆಲ್ಲ ಮನುಷ್ಯರಲ್ಲೂ ಅಷ್ಟೇ ಸ್ಪಷ್ಟವಾಗಿ ಕಂಡಿಲ್ಲ. ಇದೇ ಮದ್ದುಗಳು ಬಿಪಿಯನ್ನೂ ಇಳಿಸುತ್ತವೆ ಅಲ್ವಾ? ನನ್ನ ಪ್ರಕಾರ ಯಾವ ಮದ್ದು ಅನ್ನುವುದಕ್ಕಿಂತ ಬಿಪಿ ಬೀಳದಂತೆ ನೋಡಿಕೊಳ್ಳುವುದೇ ಮುಖ್ಯ. ಅರಿವಳಿಕೆ ಡಾಕ್ಟರ್ ಮಾನಿಟರ್ ಜೊತೆಗೆ ಮೂತ್ರದ ಚೀಲದ ಮೇಲೂ ಕಣ್ಣಿಡುವುದು ಸುಮ್ನೆ ಅಲ್ಲ.