ಫಿಲ್ಟರ್ ಮಾರುವವರು ಲೋಟದಲ್ಲಿದ್ದ ನಮ್ಮ ಬಾವಿ ನೀರಿಗೆ ಕರೆಂಟಿನ ರಾಡು ಇಳಿಸಿದಾಗ ಅದು ಕೆಂಪಾಯಿತು. ನೀರು ಕೆಟ್ಟಿದೆಯೇ? ದೂರು ಕೊಡಬಹುದೇ?

ನೀರು ಕೆಟ್ಟಿದೆ ಎಂದು ಆ ಪ್ರಯೋಗದಿಂದ ಹೇಳಲು ಬರುವುದಿಲ್ಲ. ದೂರು ಖಂಡಿತ ಕೊಡಬಹುದು.

ಲೋಟಕ್ಕೆ ಇಳಿಸುವ ರಾಡುಗಳಲ್ಲಿ ಒಂದು ಕಬ್ಬಿಣದ್ದು. ನೀರಿನಲ್ಲಿ ಲವಣ ಇದ್ದರೆ ಕರೆಂಟು ಹರಿದು ಕಬ್ಬಿಣ ಕರಗಿ ತುಕ್ಕಾಗುತ್ತದೆ. ನೀವು ಕಂಡ ಕೆಂಪು ಗಸಿ ರಾಡಿನದೇ. ಹೋಲಿಕೆಗೆಂದು ಅವರು ಪಕ್ಕದ ಲೋಟದಲ್ಲಿ ಇಡುವ ಆರ್‌ಒ ನೀರಿನಲ್ಲಿ (ಫಿಲ್ಟರ್ ಲವಣ ತೆಗೆದ ನೀರು) ಲವಣ ತೀರಾ ಕಡಿಮೆ, ಹಾಗಾಗಿ ಅದು ತಿಳಿಯಾಗಿ ಉಳಿಯುತ್ತದೆ. ಅದಕ್ಕೊಂದು ಚಿಟಿಕೆ ಉಪ್ಪು ಹಾಕಿಸಿ ನೋಡಿ, ಅದೂ ಕೆಂಪಾಗುತ್ತದೆ. (ಆಗ ಮಾರುವವ ಚೀಲ ಕಟ್ಟುವ ಅವಸರ ನೋಡಬೇಕು!)

ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕರಗಿದ ಲವಣಾಂಶ, ಅಂದರೆ ಟಿಡಿಎಸ್, ಲೀಟರಿಗೆ 500 ಮಿಲಿಗ್ರಾಂವರೆಗೆ ಒಪ್ಪಿತ. ‘ತುಂಗಾ ಪಾನ’ದ ಮಲೆನಾಡಿನಲ್ಲಿ ನೀರು ಸಾಮಾನ್ಯವಾಗಿ ಅದಕ್ಕಿಂತ ಎಷ್ಟೋ ಮೆದು. ಮಳೆಗಾಲದಲ್ಲಿ ನಮ್ಮ ತೆರೆದ ಬಾವಿಗಳಿಗೆ ಇರುವ ಭಯ ರೋಗಾಣುಗಳದು. ಅವನ್ನು ರಾಡು ತೋರಿಸುವುದೇ ಇಲ್ಲ. ಚೆನ್ನಾಗಿ ಕುದಿಸಿದರೆ ಸಾಯುತ್ತವೆ.

ಸುಳ್ಳು ಹೇಳಿ ಮಾರುವುದು, ಬಾಯಿಮಾತಿನಲ್ಲಾದರೂ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಅನುಚಿತ ವ್ಯಾಪಾರ ಪದ್ಧತಿ. ಆದರೆ ನಿಮ್ಮ ಜಗಲಿಯಲ್ಲಿ ನಡೆದದ್ದು ನೀವು ಹೇಳದೆ ಯಾವ ಅಧಿಕಾರಿಗೂ ತಿಳಿಯದು. ಕರಪತ್ರ, ಬಿಲ್ಲು, ಸಾಧ್ಯವಾದರೆ ವಿಡಿಯೊ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.