ಬಿಸಿ ನೀರಿನಲ್ಲಿ ಮೀನಿನ ಏದುಸಿರು

ಪ್ರಶ್ನೆ: ಬೇಸಿಗೆಯ ಬೆಳಗಿನ ಜಾವ ಕೊಳದ ಮೀನುಗಳು ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿರುತ್ತವೆ. ನೀರು ಬಿಸಿಯಾದರೆ ಮೀನಿಗೂ ನಮ್ಮಂತೆ ಒತ್ತಡ ಉಂಟಾಗುತ್ತದೆಯೇ? ಆಗ ಮೇವು ಹಾಕಬಹುದೇ?

ಉತ್ತರ: ಮೀನಿಗೆ ಚಿಂತೆ ಕಾಡುತ್ತದೆಯೇ ಎಂಬುದು ಬೇರೆಯೇ ಚರ್ಚೆ, ಮೈಯೊಳಗಿನ ಕ್ರಿಯೆಯನ್ನಷ್ಟೇ ನೋಡಿದರೆ ಸಾಮ್ಯ ಬೆರಗಾಗುವಷ್ಟಿದೆ. ಅಪಾಯ ಎದುರಾದೊಡನೆ ಮೀನಿನ ರಕ್ತದಲ್ಲಿಯೂ ಅಡ್ರಿನಾಲಿನ್ ಏರುತ್ತದೆ; ಅದರ ಬೆನ್ನಿಗೇ, ಒತ್ತಡದ ವೇಳೆ ನಮ್ಮಲ್ಲಿ ಏರುವ ಕಾರ್ಟಿಸಾಲ್ ಹಾರ್ಮೋನೇ ಅಲ್ಲಿಯೂ ಸ್ರವಿಸುತ್ತದೆ.

ಬಿಸಿ ನೀರಿನ ತೊಂದರೆ ಮುಖ್ಯವಾಗಿ ಆಮ್ಲಜನಕದ್ದು. ಬಹುತೇಕ ಮೀನುಗಳು ಶೀತರಕ್ತ ಪ್ರಾಣಿಗಳಾದ್ದರಿಂದ ನೀರಿನ ಉಷ್ಣತೆಯೇ ಅವುಗಳ ಮೈಯ ಉಷ್ಣತೆ. ಅದು 10 ಡಿಗ್ರಿ ಸೆಲ್ಸಿಯಸ್ ಏರಿದರೆ ಚಯಾಪಚಯದ, ಅಂದರೆ ಮೈಯೊಳಗೆ ಆಹಾರವನ್ನು ಶಕ್ತಿಯಾಗಿಸಿ ಬಳಸುವ ಕ್ರಿಯೆಯ ವೇಗ ಸುಮಾರು ಇಮ್ಮಡಿಯಾಗಿ, ಆಮ್ಲಜನಕವೂ ಅಷ್ಟೇ ಹೆಚ್ಚು ಬೇಕಾಗುತ್ತದೆ. ಆದರೆ ಸಮುದ್ರಮಟ್ಟದ ಸಿಹಿನೀರು 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಂಡರೆ, 30 ಡಿಗ್ರಿಯಲ್ಲಿ ಹಿಡಿದಿಟ್ಟುಕೊಳ್ಳುವುದು ಸುಮಾರು 7.5 ಮಿಲಿಗ್ರಾಂ ಮಾತ್ರ. ಬೇಕಾದದ್ದು ಹೆಚ್ಚಿ, ಸಿಗುವುದು ಕಡಿಮೆಯಾದಾಗ ಮೀನು ಕಿವಿರುಗಳ ಮೇಲೆ ಇನ್ನಷ್ಟು ನೀರು ಹಾಯಿಸಲು ದುಡಿಯಬೇಕಾಗುತ್ತದೆ, ಆ ದುಡಿಮೆಗೂ ಆಮ್ಲಜನಕವೇ ಬೇಕು. ಕಿವಿರುಗಳಲ್ಲಿ ರಕ್ತದ ಹರಿವು ಹೆಚ್ಚಿದಂತೆ ಸಿಹಿನೀರಿನ ಮೀನು ಲವಣಗಳನ್ನೂ ಕಳೆದುಕೊಳ್ಳುತ್ತದೆ.

ಕೆಲವೇ ಗಂಟೆಗಳ ಬಿಸಿಯಾದರೆ, ಅದು ತೀರಾ ಅತಿಯಾಗಿರದಿದ್ದಲ್ಲಿ, ಮೀನು ಚೇತರಿಸಿಕೊಳ್ಳುತ್ತದೆ. ನನ್ನ ದೃಷ್ಟಿಯಲ್ಲಿ ಹೆಚ್ಚು ಗಮನಿಸಬೇಕಾದದ್ದು ದಿನಗಟ್ಟಲೆ ತಗ್ಗದ ಬಿಸಿಯನ್ನು. ಏಕೆಂದರೆ ಕಾರ್ಟಿಸಾಲ್ ಏರಿದ ಮಟ್ಟದಲ್ಲೇ ಉಳಿದರೆ ರೋಗನಿರೋಧಕ ಶಕ್ತಿ ಕುಗ್ಗುತ್ತದೆ, ಬೆಳವಣಿಗೆ ಕುಂಠಿತವಾಗುತ್ತದೆ, ಸಂತಾನೋತ್ಪತ್ತಿಗೂ ಅಡ್ಡಿಯಾಗುತ್ತದೆ. ಮೆಡಾಕಾ ಎಂಬ ಪುಟ್ಟ ಮೀನಿನಲ್ಲಂತೂ, ಮರಿಯ ಹಂತದ ಬಿಸಿಯಿಂದ ಏರುವ ಕಾರ್ಟಿಸಾಲ್, ವಂಶವಾಹಿಯ ಪ್ರಕಾರ ಹೆಣ್ಣಾಗಬೇಕಾದ ಮೀನನ್ನು ಗಂಡಾಗಿಸಬಲ್ಲದು.

ನೀವು ಕಂಡ ಬೆಳಗಿನ ಜಾವದ ದೃಶ್ಯಕ್ಕೆ ಪಾಚಿ ಮತ್ತು ಜಲಸಸ್ಯಗಳೂ ಕಾರಣ. ಬೆಳಕಿಲ್ಲದ ರಾತ್ರಿಯಿಡೀ ಅವು ಆಮ್ಲಜನಕವನ್ನು ಉತ್ಪಾದಿಸದೆ ಬಳಸುತ್ತಲೇ ಇರುವುದರಿಂದ ನಸುಕಿನ ಹೊತ್ತಿಗೆ ಅದರ ಪ್ರಮಾಣ ತೀರಾ ಇಳಿದಿರುತ್ತದೆ. ಗಾಳಿಗೆ ತಾಗಿರುವ ಮೇಲ್ಪದರದಲ್ಲಿ ಅದು ಸ್ವಲ್ಪ ಹೆಚ್ಚಿರುತ್ತದೆಂದೇ ಮೀನುಗಳು ಅಲ್ಲಿಗೆ ಬರುತ್ತವೆ.

ಆಗ ಮೇವು ಹಾಕಬಾರದು. ಮೇವನ್ನು ಅರಗಿಸಿಕೊಳ್ಳಲು ಮೀನಿಗೆ ಹೆಚ್ಚುವರಿ ಆಮ್ಲಜನಕ ಬೇಕಾಗುತ್ತದೆ, ತಿನ್ನದೆ ಉಳಿದ ಮೇವು ಕೊಳೆತು ಅದನ್ನೇ ಕಬಳಿಸುತ್ತದೆ. ಮೊದಲು ನೀರಿಗೆ ಗಾಳಿಯಾಡಿಸಿ, ಮೀನುಗಳು ಕೆಳಗಿಳಿದು ಸಹಜವಾಗಿ ಈಜತೊಡಗಿದ ಬಳಿಕ ಎಂದಿಗಿಂತ ಕಡಿಮೆ ಮೇವು ಕೊಡಿ.